ಆನೆಗೊಂದಿಯ ಹೊಳೆಯಲ್ಲಿ ತೆಪ್ಪದ ಪಯಣ

ತುಂಗಭದ್ರೆಯನ್ನು ಬಸ್ಸಿನ ಕಿಟಕಿಯಿಂದ, ಸೇತುವೆಯ ಮೇಲಿಂದ, ಮುನಿರಾಬಾದಿನ ಅಣೆಕಟ್ಟಿನ ಬದಿಯಿಂದ ನೋಡುತ್ತಲೇ ಬೆಳೆದ ಕೊಪ್ಪಳದ ಗೆಳೆಯರು ನಾವು. ಆ ಹೊಳೆಯ ಮೇಲೆಯೇ ಕುಳಿತು, ಕೈ ಚಾಚಿದರೆ ನೀರು ಸಿಗುವಷ್ಟು ಹತ್ತಿರದಿಂದ ಅದನ್ನು ನೋಡಬೇಕೆಂಬ ಬಹುದಿನದ ಆಸೆ ಕಳೆದ ಜನವರಿಯಲ್ಲಿ ಕೈಗೂಡಿತು. ಹುಲಿಗಿ, ಸಾಣಾಪುರದ ದಾರಿ ಹಿಡಿದು, ನಡುವೆ ಒಗ್ಗರಣಿ-ಮಿರ್ಚಿಗೆ ಮಾತ್ರ ನಿಂತು, ಬಿಸಿಲು ಏರುವ ಮೊದಲೇ ಆನೆಗೊಂದಿ ತಲುಪಿದೆವು.

ದಡದಲ್ಲಿ ತೆಪ್ಪಗಳನ್ನು ಬೋರಲು ಹಾಕಿದ್ದರು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು, ಹೊರಮೈಗೆ ಪ್ಲಾಸ್ಟಿಕ್ ಚೀಲಗಳ ಹೊದಿಕೆ ಹೊಲಿದು, ಅದರ ಮೇಲೆ ಡಾಂಬರು ಬಳಿದಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿ ಕಂಡದ್ದೂ ಇಂಥ ದುಂಡು ದೋಣಿಗಳನ್ನೇ. ಆಗ ಹೊದಿಕೆ ಚರ್ಮದ್ದಾಗಿತ್ತು. ಹದಿನೈದು ಇಪ್ಪತ್ತು ಜನರನ್ನು ಹೊರುವ, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುವ ಈ ದೋಣಿಗಳು ಸದಾ ತಿರುಗುತ್ತಲೇ ಇರುತ್ತವೆ, ನೇರವಾಗಿ ಹೋಗಲಾರವು ಎಂದು ಅವನು ಬರೆದಿದ್ದಾನೆ. ಅವನ ಉಳಿದ ಮಾತುಗಳನ್ನು ಒಪ್ಪಿದರೂ ಆ ಕೊನೆಯ ಮಾತನ್ನು ಅಂದಿನ ಪಯಣದ ನಂತರ ನಾನು ಒಪ್ಪಲಾರೆ.

ನಮ್ಮನ್ನು ಕರೆದೊಯ್ದ ಅಂಬಿಗರು ಅರವತ್ತು ದಾಟಿದವರು. ಈಜು ಬರುತ್ತದೆಂದು ಲೈಫ್ ಜಾಕೆಟ್ ಬೇಡವೆಂದ ಗೆಳೆಯನಿಗೆ, "ಈಜು ಬಂದ್ರೂ ಹಾಕ್ಕೊಳ್ರಿ ಸರ, ಕಲ್ಲಿಗೆ ತಲಿ ಬಡದ್ರ ಈಜು ಏನ್ ಮಾಡ್ತೈತಿ?" ಎಂದರು. ಎಲ್ಲರೂ ಅಂಚಿಗೆ ಬೆನ್ನು ಕೊಟ್ಟು, ಭಾರ ಒಂದೇ ಕಡೆ ಬೀಳದಂತೆ ದುಂಡಗೆ ಕುಳಿತೆವು. ಅವರು ಮುಂದಕ್ಕೆ ಬಾಗಿ, ಹುಟ್ಟನ್ನು ನೀರಿಗಿಳಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೀರನ್ನು ತಮ್ಮೆಡೆಗೆ ಎಳೆದುಕೊಳ್ಳುತ್ತಿದ್ದರು. ಮೊನೆಯೂ ಇಲ್ಲದ, ಚುಕ್ಕಾಣಿಯೂ ಇಲ್ಲದ ಆ ತೆಪ್ಪ ಗುರಿಯಿಟ್ಟ ಬಂಡೆಯ ಕಡೆಗೆ ನೆಟ್ಟಗೆ ಸಾಗಿತು. ಪಕ್ಕದಲ್ಲೇ ಇನ್ನೊಂದು ತಂಡದವರು ಗಿರಗಿರನೆ ತಿರುಗಿಸಲು ಹೇಳಿ ಕೇಕೆ ಹಾಕುತ್ತಿದ್ದರು. ಹಾಗೆ ತಿರುಗಿಸುವುದು ಸುಲಭ. ತಿರುಗದಂತೆ ನಡೆಸುವುದರಲ್ಲಿಯೇ ಅಂಬಿಗರ ವಿದ್ಯೆ ಇದೆ. ಅದನ್ನು ನೋಡದೆ ಬರುವವರು ದೊಡ್ಡದೊಂದನ್ನು ಕಳೆದುಕೊಳ್ಳುತ್ತಾರೆಂದೇ ನನ್ನ ಭಾವನೆ.

ಈ ಹೊಳೆಗೆ ಈ ದೋಣಿಯೇ ಏಕೆ ಬೇಕೆಂಬುದು ನೀರಿನ ನಡುವೆ ತಾನಾಗಿ ತಿಳಿಯಿತು. ಇಲ್ಲಿ ಹೊಳೆಯ ತಳವೆಲ್ಲ ಕಲ್ಲು. ಮೇಲೆ ಸಪಾಟಾಗಿ ಕಾಣುವ ನೀರಿನಡಿಯಲ್ಲಿ, ಮೊಳದಾಳದಲ್ಲಿಯೇ ಬಂಡೆಯ ಬೆನ್ನು ಹಾದುಹೋಗುತ್ತಿತ್ತು. ಒಂದೆಡೆ ತೆಪ್ಪದ ತಳ ಕಲ್ಲಿಗೆ ಸವರಿದಾಗ ಬಿದಿರು ಬಾಗಿದ್ದು ನಮ್ಮ ಕಾಲಿಗೆ ಗೊತ್ತಾಯಿತು. ತೆಪ್ಪ ಬಳುಕಿ, ಕಲ್ಲನ್ನು ದಾಟಿ, ಮತ್ತೆ ಸರಿಯಾಯಿತು. ಅಲ್ಲಿ ಮರದ ದೋಣಿಯಿದ್ದಿದ್ದರೆ ಸಿಕ್ಕಿಕೊಳ್ಳುತ್ತಿತ್ತು.

ನವಬೃಂದಾವನದ ನಡುಗಡ್ಡೆಯಲ್ಲಿ ಇಳಿದು, ವ್ಯಾಸರಾಯರೂ ಸೇರಿದಂತೆ ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿಗೆ ನಮಸ್ಕರಿಸಿದೆವು. ಬಳಿಕ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳನ್ನು ನೋಡಲು ಹೊರಟೆವು. ಮೇಲ್ಹಾಸಿಲ್ಲದೆ, ಸಾಲಾಗಿ ನೀರಿನಲ್ಲಿ ನಿಂತ ಆ ಕಂಬಗಳನ್ನು ಕೆಳಗಿನಿಂದ ಕತ್ತೆತ್ತಿ ನೋಡುವಾಗ, ಆ ಕಾಲದ ಕೆಲಸಗಾರರು ಹರಿಯುವ ಹೊಳೆಯಲ್ಲಿ ಅವನ್ನು ಹೇಗೆ ನಿಲ್ಲಿಸಿದರೋ ಎಂದು ಯಾರೂ ಬಹಳ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ಬಂಡೆಯೊಂದರ ನೆರಳಿನಲ್ಲಿ ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಿಚ್ಚಿದಾಗ ಅಂಬಿಗ ಕಾಕಾ ನಮ್ಮೊಡನೆಯೇ ಕುಳಿತರು. ಅಣೆಕಟ್ಟಿನಿಂದ ನೀರು ಬಿಟ್ಟರೆ ತೆಪ್ಪಗಳೆಲ್ಲ ದಡ ಸೇರುತ್ತವೆ, ಆ ದಿನಗಳಲ್ಲಿ ಅವರಿಗೆ ದುಡಿಮೆಯಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾದಾಗಿನ ಹೊಳೆಯನ್ನು ನೆನೆದು, "ಆ ನೀರಿನ ಮುಂದ ನಿಲ್ಲಾಕೂ ಧೈರ್ಯ ಬರ್ಲಿಲ್ರಿ" ಎಂದರು.

ನಮಗೆ ನೀರುನಾಯಿಗಳನ್ನು ಕಾಣುವ ಆಸೆ ಇತ್ತು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಅಂದು ಒಂದೂ ಕಾಣಲಿಲ್ಲ. ಜನರ ಗದ್ದಲಕ್ಕೆ ಅವು ಹೊರಬರುವುದಿಲ್ಲ, ನಸುಕಿನಲ್ಲಿಯೇ ಬಂದು, ಬಾಯಿ ಮುಚ್ಚಿಕೊಂಡು ಕುಳಿತರೆ ತೋರಿಸುತ್ತೇನೆ ಎಂದು ಕಾಕಾ ಮಾತು ಕೊಟ್ಟರು. ಮಳೆಗಾಲಕ್ಕೆ ಮೊದಲೇ ಮತ್ತೆ ಹೋಗುವುದೆಂದು, ಹಿಂದಿನ ರಾತ್ರಿ ಆನೆಗೊಂದಿಯಲ್ಲಿಯೇ ಉಳಿಯುವುದೆಂದು ದಡಕ್ಕೆ ಬರುವಷ್ಟರಲ್ಲಿ ನಾವು ನಿಶ್ಚಯಿಸಿಯಾಗಿತ್ತು.