ಎ-ಬಿ-ಸಿ ಮಾಡಿ ‘ಸಿ’ನೇ ಗೆದ್ದೈತಿ ಅಂತ ಹೇಳಿಬಿಟ್ಟಿದ್ದೆ

ವಿಜಯಪುರದಾಗ ಒಂದು ಸಣ್ಣ ಥೆರಪಿ ಸೆಂಟರ್‌ನಾಗ ಸ್ಪೆಷಲ್ ಎಜುಕೇಟರ್ ಆಗಿ ಕೆಲಸ ಮಾಡ್ತೀನಿ. ಹೋದ ವರ್ಷ ಒಂದು ತಪ್ಪು ಮಾಡಿದೆ, ಗ್ರಾಫ್ ನೋಡಿದವ್ರಿಗೆ ಯಾರಿಗೂ ಅದು ತಪ್ಪು ಅನ್ಸಂಗೇ ಇದ್ದಿಲ್ಲ, ಅದಕ್ಕ ಬರ್ಯಾಕತ್ತೀನಿ.

7 ವರ್ಷದ ಹುಡುಗ. ಭಾಳ ಚುರುಕು, ಆದ್ರ ಕುರ್ಚಿ ಮ್ಯಾಲ ಕುಂದ್ರಂಗಿಲ್ಲ. 10 ನಿಮಿಷ ಬರಿಯೋ ಕೆಲಸ ಕೊಟ್ರ 11-12 ಸಲ ಎದ್ದು ಕಿಡಕಿ ಕಡೆ ಓಡ್ತಿದ್ದ. 5 ದಿನ ನಾವು ಏನೂ ಮಾಡ್ಲಾರದ ಬರೇ ಎಣಿಸಿದ್ವಿ, ಅದು ಬೇಸ್‌ಲೈನ್, ಗ್ರಾಫ್‌ನಾಗ ‘ಎ’. ಆಮ್ಯಾಲ ಟೋಕನ್ ಹಚ್ಚಿದ್ವಿ, ಒಂದು ನಿಮಿಷ ಕುಂತ್ರ ಒಂದು ಟೋಕನ್, ಐದು ಆದ್ರ ಅವನ ಟ್ರ್ಯಾಕ್ಟರ್ ಕೈಗೆ ಕೊಡೂದು. ಇದು ‘ಬಿ’. ಏಳೂದು 6-7ಕ್ಕ ಇಳೀತು, ಅಲ್ಲೇ ನಿಂತುಬಿಡ್ತು. ನನಗ ಸಮಾಧಾನ ಆಗ್ಲಿಲ್ಲ. ಟೋಕನ್ ತಗದು ‘ಸಿ’ ಹಚ್ಚಿದೆ, ರೆಸ್ಟ್ ಕಾರ್ಡ್, ಅಂದ್ರ ಸಾಕಾತು ಅನ್ಸಿದ್ರ ಓಡಿ ಹೋಗೂ ಬದ್ಲಿ ಕಾರ್ಡ್ ಕೈಗೆ ಕೊಟ್ಟು ಒಂದು ನಿಮಿಷ ರೆಸ್ಟ್ ತಗೋಳೂದು. ಮರುದಿನಾನ 3 ಸಲ, ಅದರ ಮರುದಿನ 2. ಐದು ದಿನ ಹಂಗಾ. ನಾ ಅವರ ತಾಯಿಗೆ ಫೋನ್ ಮಾಡಿ “ಟೋಕನ್‌ಕಿಂತ ಕಾರ್ಡ್ ಛಲೋ ಐತ್ರಿ, ಮನ್ಯಾಗೂ ಅದನ್ನ ಮಾಡ್ರಿ” ಅಂದೆ, ಸೆಂಟರ್ ಮೀಟಿಂಗ್‌ನಾಗೂ ಗ್ರಾಫ್ ತೋರ್ಸಿ ಮೆರದೆ.

ಬೆಳಗಾವಿಯಿಂದ ತಿಂಗಳಿಗೊಮ್ಮೆ ಬರೂ ಸೀನಿಯರ್ ಮೇಡಂ ಗ್ರಾಫ್ ನೋಡಿ ಒಂದಾ ಮಾತು ಕೇಳಿದ್ರು, “ಈ ಐದು ದಿನದ ತಾರೀಖು ಯಾವ್ವು?”

ನೋಡಿದ್ರ ಸಂಕ್ರಾಂತಿ ವಾರ. ಸಿದ್ಧೇಶ್ವರ ಜಾತ್ರಿ. ಅರ್ಧ ಮಕ್ಕಳು ರಜಾ, ಬಾಜೂ ರೂಮ್ ಖಾಲಿ, ಕಿಡಕಿ ಹೊರಗ ಆಟೋ ಇಳದು ಚೀರಾಡಕೋಂತ ಒಳಗ ಬರೂ ಮಕ್ಕಳ ಗದ್ದಲ ಇಲ್ಲ. ಅಂವ ಎದ್ದು ಓಡ್ತಿದ್ದದ್ದ ಆ ಕಿಡಕಿಗೆ! ನಾ ಕಾರ್ಡ್ ಹಚ್ಚಿದ ದಿನಾನ ಊರು ಜಾತ್ರಿಗೆ ಹೋಗಿತ್ತು ಅನ್ನೂದು ನನ್ನ ತಲ್ಯಾಗ ಬರ್ಲೇ ಇಲ್ಲ.

ಇನ್ನೊಂದು ತಪ್ಪು ನಂಗಾ ಆಮ್ಯಾಲ ಹೊಳೀತು, ಯಾರೂ ಹೇಳಿದ್ದಲ್ಲ. 10 ನಿಮಿಷದಾಗ 3 ಸಲ ರೆಸ್ಟ್ ಕೊಟ್ರ ಅಂವ ಖರೇನ ಕೆಲಸಕ್ಕ ಕುಂತಿದ್ದು 7 ನಿಮಿಷ, ಆದ್ರ ನಾ ಎಣಿಸಿದ್ದು 10 ನಿಮಿಷದ ಲೆಕ್ಕಕ್ಕ. ಕಾರ್ಡ್ ಕೊಟ್ಟು ಎದ್ದದ್ದನ್ನ ಎಣಿಸಿಲ್ಲ, ಟೈಮ್ ಮಾತ್ರ ಪೂರ್ತಿ ಹಿಡಿದೀನಿ. ಲೆಕ್ಕಾನ ಕಾರ್ಡ್ ಕಡೆ ವಾಲಿತ್ತು. ಮುಂದ ರೆಸ್ಟ್ ಟೈಮ್‌ನಾಗ ಸ್ಟಾಪ್‌ವಾಚ್ ನಿಲ್ಸೂದು ರೂಢಿ ಮಾಡ್ಕೊಂಡ್ವಿ.

ಮೇಡಂ ಹೇಳಿದ್ದು ಇಷ್ಟ, ಒಂದು ಸಲ ಇಳದದ್ದು ಲೆಕ್ಕಕ್ಕ ಇಲ್ಲ, ತಗದು ನೋಡು, ಮತ್ತ ಹಚ್ಚಿ ನೋಡು, ಬ್ಯಾರೆ ಬ್ಯಾರೆ ಟೈಮ್‌ನಾಗ ಕಡಿಮಿ ಅಂದ್ರೂ ಮೂರು ಸಲ ಅದಾ ಪರಿಣಾಮ ಕಾಣಬೇಕು. ರಿವರ್ಸಲ್ ಡಿಸೈನ್ ಅಂದ್ರ ಇದಾ, ಎ-ಬಿ-ಎ-ಬಿ ಅಂತ ನಾವು ಕೋರ್ಸ್‌ನಾಗ ಬಾಯಿಪಾಠ ಮಾಡಿದ್ದು, 1968ರಾಗ ಬೇರ್, ವುಲ್ಫ್, ರಿಸ್ಲಿ ಅನ್ನೂ ಮೂವರು ಸಂಶೋಧಕರು ಬರದ ಲೇಖನದಾಗ ಇದರ ಬಗ್ಗೆ ಐತಿ ಅಂತ ಪರೀಕ್ಷಾಕ್ಕ ಬರದೂ ಬಂದಿದ್ದೆ. ಆದ್ರ ಒಂದಾ ಟ್ರೀಟ್‌ಮೆಂಟ್ ಇದ್ದಾಗ ಅದು ಸರಳ, ಎರಡು-ಮೂರು ಬಂದ್ವು ಅಂದ್ರ ತಲಿ ಕೆಡ್ತದ, ಯಾಕಂದ್ರ ಗ್ರಾಫ್‌ನಾಗ ಅಕ್ಕಪಕ್ಕ ಇದ್ದ ಎರಡನ್ನ ಅಷ್ಟಾ ಹೋಲಿಸಾಕ ಬರ್ತದ. ನನ್ನ ಎ-ಬಿ-ಸಿ ಒಳಗ ಬಿ ಮತ್ತ ಸಿ ಭೇಟಿ ಆಗಿದ್ದು ಒಂದಾ ಸಲ, ಅದೂ ಜಾತ್ರ್ಯಾಗ.

ಸರಿ ಅಂತ ಮತ್ತ ಬಿ ಹಚ್ಚಿದ್ವಿ. 6ಕ್ಕ ಬಂತು. ನೋಡ್ರಿ ಮೇಡಂ, ಕಾರ್ಡ್ ತಗದ ಕೂಡ್ಲೇ ಹೆಚ್ಚಾತು, ನಾ ಹೇಳಿದ್ದಾ ಖರೆ ಅಂತ ಒಳಗೊಳಗ ಖುಷಿ. ಆದ್ರ ಮತ್ತ ಸಿ ಹಚ್ಚಿದಾಗ 5, 6, 6, 5. ಎಲ್ಲಿ 2, ಎಲ್ಲಿ 6! ಜಾತ್ರಿ ಮುಗದಿತ್ತು, ಸ್ಟಾಪ್‌ವಾಚೂ ನೆಟ್ಟಗಾಗಿತ್ತು, ಕಾರ್ಡಿನ ಜಾದೂನೂ ಮುಗೀತು.

ಆಮ್ಯಾಲ ಎರಡೂ ತಗದು ‘ಎ’ಗೆ ವಾಪಸ್ ಹೋಗ್ಬೇಕಿತ್ತು. ಇದು ಬರೀ ಗ್ರಾಫಿನ ಮಾತಲ್ಲ. ಅವರ ತಾಯಿ ಬಂದು ನಿಂತ್ರು, “ಅಕ್ಕಾವ್ರ, ಈಗರ ಒಂದಿಷ್ಟು ಸುಧಾರ್ಸಾಕತ್ತಾನ, ಮತ್ಯಾಕ ತಗೀತೀರಿ?” ಅಂದ್ರು. ಖರೇ ಹೇಳ್ಬೇಕಂದ್ರ ನನಗೂ ಹಂಗಾ ಅನ್ಸಿತ್ತು. ನಾಲ್ಕಾ ದಿನ, ಆಮ್ಯಾಲ ಮತ್ತ ಹಚ್ತೀವಿ ಅಂತ ಕೂಡ್ಸಿ ತಿಳಿಸಿ ಹೇಳಿದಾಗ ಒಪ್ಪಿದ್ರು. ಎದ್ದು ಓಡಿದ್ರ ಏನೂ ಅನಾಹುತ ಇಲ್ಲ ಅಂತ ಮಾಡಿದ್ವಿ, ತಲಿ ಗ್ವಾಡಿಗೆ ಬಡ್ಕೋಳೂ ಮಗು ಆಗಿದ್ರ ಛಲೋ ನಡದ ಟ್ರೀಟ್‌ಮೆಂಟ್ ಪರೀಕ್ಷಾ ಮಾಡಾಕಂತ ತಗಿಯೂ ಮಾತಾ ಇಲ್ಲ. ಹಂಗಾ ಕಲಿಕಿ ವಿಷಯಕ್ಕೂ ಇದು ನಡಿಯಂಗಿಲ್ಲ, ಅ ಆ ಓದಾಕ ಕಲ್ತ ಮಗು ನೀವು ಕಾರ್ಡ್ ತಗದ ಕೂಡ್ಲೇ ಮರೀತದೇನು.

ನಾಲ್ಕು ದಿನದಾಗ 10ಕ್ಕ ಹೋತು. ಅಂದ್ರ ಏನೂ ಇಲ್ಲದಕ್ಕಿಂತ ಎರಡೂ ಛಲೋ, ಆದ್ರ ಎರಡ್ರಾಗ ಯಾವುದು ಮೇಲು ಅನ್ನಾಕ ನನ್ನ ಕಡೆ ಏನೂ ಇಲ್ಲ.

ಆ ವಾರ ಊರಿಗೆ ಹೋಗಿದ್ದೆ, ಡೋಣಿ ಹೊಳಿ ದಂಡಿಗೆ ನಮ್ಮ ಹೊಲ. ಅಪ್ಪನ ಮುಂದ ಇದನ್ನೆಲ್ಲಾ ಹೇಳಿದೆ, ಅವಂಗ ಎ-ಬಿ-ಸಿ ತಿಳೀಲಿಲ್ಲ ಆದ್ರ ಕೇಳಿ ನಕ್ಕ. “ಹೋದ ವರ್ಷ ತಿಪ್ಪಿಗೊಬ್ಬರ ಹಾಕಿದ ಹೊಲಕ್ಕ ಈ ವರ್ಷ ಯೂರಿಯಾ ಒಗದು, ಜೋಳ ಛಲೋ ಬಂತು ಯೂರಿಯಾನ ಶ್ಯಾಣ್ಯಾ ಅಂದಂಗ ಆತಲ್ಲ ಯವ್ವಾ, ತಿಪ್ಪಿಗೊಬ್ಬರದ ಕಸುವು ಇನ್ನೂ ಮಣ್ಣಾಗ ಇರ್ತದ” ಅಂದ. ನಮ್ಮ ಪುಸ್ತಕದಾಗ ಇದಕ್ಕ ಕ್ಯಾರಿಓವರ್, ಸೀಕ್ವೆನ್ಸ್ ಎಫೆಕ್ಟ್ ಅಂತ ಎರಡು ಪುಟ ಅದಾವು. ಆ ಹುಡುಗನಿಗೆ ಸಿ ಬಂದದ್ದು ಯಾವಾಗ್ಲೂ ಬಿ ಹಿಂದಾ, ಎ ಹಿಂದ ಒಂದ್ಸಲಾನೂ ಬಂದಿಲ್ಲ. ಟೋಕನ್‌ನಿಂದ ಕುಂದ್ರೂ ರೂಢಿ ಬಿದ್ದಿದ್ದಕ್ಕ ಕಾರ್ಡ್ ನಡೀತೋ ಏನೋ, ಯಾರು ಹೇಳ್ಬೇಕು?

ಅದಕ್ಕ ಎರಡನೇ ಮಗೂಗೆ, ಒಂದು ಹುಡುಗಿ, ಉಲ್ಟಾ ಮಾಡಿದ್ವಿ. ಎ, ಆಮ್ಯಾಲ ಸಿ, ಮತ್ತ ಎ, ಆಮ್ಯಾಲ ಬಿ. ನಡುವ ಎ ಇಟ್ರ ಮಣ್ಣು ತೊಳದಂಗ ಆಗ್ತದ ಅನ್ಕೊಂಡಿದ್ವಿ. ಆದ್ರ ಮೊದಲನೇ ಎ ಒಳಗ 12 ಸಲ ಏಳೂ ಹುಡುಗಿ ಎರಡನೇ ಎ ಒಳಗ 8ಕ್ಕಿಂತ ಮ್ಯಾಲ ಹೋಗ್ಲೇ ಇಲ್ಲ. ಈಗ ಸಿ 12ರಿಂದ ಇಳಸ್ತು, ಬಿ 8ರಿಂದ ಇಳಸ್ತು, ಓಟ ಶುರು ಮಾಡೂ ಗೆರಿನ ಬ್ಯಾರೆ ಆದಾಗ ಯಾರು ಗೆದ್ರು ಅಂತ ಹೆಂಗ ಹೇಳೂದು. ಇದರ ಮ್ಯಾಲ ದಿನ ಎಷ್ಟು ಹೋತು! ಒಂದೊಂದು ಫೇಸ್, ಅಂದ್ರ ಒಂದೊಂದು ಹಂತ, ನೆಟ್ಟಗ ನಿಲ್ಲಾಕ ಐದು ದಿನ ಹಿಡದ್ರೂ ನಾಲ್ಕು ಫೇಸ್‌ಗೆ 20 ದಿನ, ನಡುವ ಜ್ವರ, ರಜಾ, ಮದುವಿ, ಜಾತ್ರಿ ಬ್ಯಾರೆ. ಮೂರನೇ ಟ್ರೀಟ್‌ಮೆಂಟ್ ಸೇರ್ಸಿದ್ರ ವರ್ಷಾನ ಹೋಗ್ತದ.

ಕಡೀಕ ಮೇಡಂ ಹೇಳಿದಂಗ ಅಲ್ಟರ್ನೇಟಿಂಗ್ ಟ್ರೀಟ್‌ಮೆಂಟ್ಸ್ ಹಚ್ಚಿದ್ವಿ, ಆ ಹೆಸರಿಲೆ 1979ರಾಗ ಬಾರ್ಲೊ ಮತ್ತ ಹೇಯ್ಸ್ ಬರದದ್ದು. ಒಂದಾ ದಿನ ಎರಡೂ, ಮುಂಜಾನೆ ಯಾವುದು ಮಧ್ಯಾಹ್ನ ಯಾವುದು ಅಂತ ದಿನಾ ನಾಣ್ಯ ತೂರಿ ನೋಡೂದು, ಟೋಕನ್ ಇದ್ದಾಗ ಟೇಬಲ್ ಮ್ಯಾಲ ಕೆಂಪು ಅರಿಬಿ, ಕಾರ್ಡ್ ಇದ್ದಾಗ ನೀಲಿ, ಮಗೂಗೆ ಈಗ ಯಾವುದು ನಡದೈತಿ ಅಂತ ಗೊತ್ತಾಗ್ಲಿ ಅಂತ. ಗದ್ದಲ ಆದ್ರ ಆ ದಿನ ಎರಡಕ್ಕೂ ಗದ್ದಲ, ಜಾತ್ರಿ ಇದ್ರ ಎರಡಕ್ಕೂ ಜಾತ್ರಿ. ಬೇಸ್‌ಲೈನ್‌ಗೆ ಮತ್ತ ಮತ್ತ ಹೋಗಿ ತಾಯಂದಿರ ಕಡೆ ಬೈಸ್ಕೋಳೂದೂ ತಪ್ಪಿತು. ಒಂದರ ಪ್ರಭಾವ ಇನ್ನೊಂದ್ರ ಮ್ಯಾಲ ಇದ್ರಾಗೂ ಬೀಳ್ತದ, ಅದು ಪೂರ್ತಿ ಹೋಗಂಗಿಲ್ಲ, ಆದ್ರ ಒಂದಾ ಕಡೆ ವಾಲಂಗಿಲ್ಲ.

ಆ ಮೊದಲ ಹುಡುಗನಿಗೂ ಹಿಂಗಾ ಮಾಡಿದ್ವಿ. ಎರಡು ವಾರ ಆದ್ರೂ ಎರಡು ಗೆರಿ ಒಂದರ ಮ್ಯಾಲ ಒಂದು ಹಾಯ್ಕೋಂತ ಹೊಂಟಿದ್ವು, ಫರಕ್ ಇಲ್ಲಾ ಇಲ್ಲ. ಅವರ ತಾಯಿಗೆ ಮತ್ತ ಫೋನ್ ಮಾಡಿ ನಾ ಅವತ್ತು ಹೇಳಿದ್ದು ತಪ್ಪಾಗಿತ್ರಿ, ಎರಡೂ ಅಷ್ಟಾ, ನಿಮಗ ಯಾವುದು ಹಗೂರ ಆಗ್ತದ ಅದನ್ನ ಮಾಡ್ರಿ ಅಂದೆ. ಅವ್ರು ಟೋಕನ್ ಅಂದ್ರು, ಮನ್ಯಾಗ ಹುಣಸಿ ಬೀಜ ಎಣಿಸಿ ಕೊಡ್ತಾರ. ಕಾರ್ಡ್ ಕೊಟ್ರ ಅವನ ತಮ್ಮ ಹರದು ಹಾಕ್ತಾನಂತ.

ಹುಡುಗಿದು ಇನ್ನೂ ನಡದೈತಿ. ನಾಳೆ ಮುಂಜಾನೆ ಮತ್ತ ನಾಣ್ಯ ತೂರ್ಬೇಕು.