ಈ ವರ್ಷದ ಚಿಲ್ಗೋಜಾ, ಹಿಂದಿನ ವರ್ಷಗಳ ಹವೆ

ಕಳೆದ ಶನಿವಾರ ಡೊಂಬಿವಲಿಯಿಂದ ಲೋಕಲ್ ಹತ್ತಿ ಕ್ರಾಫರ್ಡ್ ಮಾರ್ಕೆಟ್‌ಗೆ ಹೋಗಿದ್ದೆ. ಅವ್ವನಿಗೆ ಬಾದಾಮಿ, ಅಂಜೂರ ಬೇಕಿತ್ತು. ಜೊತೆಗೆ ನೂರು ಗ್ರಾಂ ಚಿಲ್ಗೋಜಾನೂ ತಂದೆ, ಹಿಮಾಲಯದ ಕಡೆಯ ಒಂದು ಪೈನ್ ಮರದ ಬೀಜ ಅದು. ರೇಟ್ ಕೇಳಿ ಬೆಚ್ಚಿದ್ದಕ್ಕೆ ಅಂಗಡಿಯವರು "ಈ ವರ್ಷ ಮಾಲೇ ಕಡಿಮೆ" ಎಂದರು.

ಮನೆಯಲ್ಲಿ ಅವ್ವ ಒಂದು ಬೀಜ ಹಲ್ಲಲ್ಲಿ ಕಡಿದಳು. ಕಂದು ಬಣ್ಣದ ತೆಳು ಸಿಪ್ಪೆ, ಬೆರಳಿಗೆ ಸ್ವಲ್ಪ ಅಂಟು, ಒಳಗೆ ಕೆನೆ ಬಣ್ಣದ ಸಣ್ಣ ತಿರುಳು. "ಮಾವಿನ ಗಿಡದಂಗನ ಇರಬೇಕು ಬಿಡು, ನಮ್ಮ ಧಾರವಾಡದ ಹಿತ್ತಲದಾಗಿನ ಆಪೂಸು ಒಂದು ವರ್ಷ ಮೈತುಂಬಾ ಕೊಟ್ಟರ ಮರುವರ್ಷ ದಣದು ಕುಂದರತಿತ್ತು" ಎಂದಳು.

ಅವ್ವ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಪೈನ್, ಸ್ಪ್ರೂಸ್, ದೇವದಾರು ಇಂಥ ಸೂಜಿ ಎಲೆಯ ಮರಗಳೂ ವರ್ಷವರ್ಷ ಒಂದೇ ಸಮ ಬೀಜ ಕೊಡುವುದಿಲ್ಲ. ಆದರೆ ಇಲ್ಲಿ ದಣಿವಿನ ಜೊತೆ ಹವೆಯ ಲೆಕ್ಕವೂ ಇದೆ, ಅದೂ ಹಳೆಯ ಹವೆ. ಕಾಯಿಯಾಗುವ ಮೊಗ್ಗು ಮೂಡುವುದು ಹಿಂದಿನ ವರ್ಷವೇ. ಚಿಲ್ಗೋಜಾದಲ್ಲಂತೂ ಪರಾಗ ಬಿದ್ದ ಮರುವರ್ಷ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕಾಯಿ ಬಲಿಯುತ್ತದೆ. ಹಾಗಾಗಿ ಚಿಲ್ಗೋಜಾ ಬೆಳೆಯುವ ಹಿಮಾಚಲದ ಕಿನ್ನೌರಿನಲ್ಲಿ ಈ ವರ್ಷ ಮಳೆ ಹೇಗಿತ್ತು ಎಂದಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ.

ಎಲ್ಲ ಮರಗಳಿಗೂ ಒಂದೇ ಹವೆ ಹಿಡಿಸುವುದಿಲ್ಲ, ನನಗೆ ತುಂಬಾ ಇಷ್ಟವಾದ ಸಂಗತಿ ಇದೇ. ಕೆನಡಾದ ಚಳಿ ಕಾಡಿನ ಬಿಳಿ ಸ್ಪ್ರೂಸ್‌ಗೆ ಒಂದು ಬೇಸಿಗೆ ಬೆಚ್ಚಗೆ, ಒಣಗಿ ಇರಬೇಕು, ಆಗ ಮರುವರ್ಷ ಕಾಯಿ ಗೊಂಚಲು ಗೊಂಚಲು. ಅಮೆರಿಕದ ನೈರುತ್ಯದ ಒಣ ನೆಲದ ಪಿನ್ಯಾನ್ ಪೈನ್ ಇದಕ್ಕೆ ತದ್ವಿರುದ್ಧ. ಮೊಗ್ಗು ಮೂಡುವ ಹೊತ್ತಿಗೆ, ಅಂದರೆ ಬೇಸಿಗೆಯ ಕೊನೆಗೆ, ತಂಪು ಬೇಕು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ನ್ಯೂ ಮೆಕ್ಸಿಕೊ, ಒಕ್ಲಹೋಮಾ ಕಡೆಯ ಮರಗಳಲ್ಲಿ ಕಾಯಿ ಉದುರಿದ ಮೇಲೆ ಕೊಂಬೆಯಲ್ಲಿ ಉಳಿಯುವ ಗುರುತುಗಳನ್ನು ಒಂದೊಂದಾಗಿ ಎಣಿಸಿದರು. ಸುಮಾರು ಮೂರು ದಶಕಗಳಲ್ಲಿ ಕಾಯಿ ಶೇಕಡಾ 40ರಷ್ಟು ಇಳಿದಿತ್ತು. ಬೇಸಿಗೆಯ ಕೊನೆ ಎಲ್ಲಿ ಜಾಸ್ತಿ ಬಿಸಿಯಾಗಿತ್ತೋ ಅಲ್ಲಿ ಇಳಿತವೂ ಜಾಸ್ತಿ. ಮರ ತನ್ನ ಮೈಮೇಲೆ ಬರೆದಿಟ್ಟ ಲೆಕ್ಕ ಅದು, ಓದುವಾಗ ನನಗೆ ಸಂಕಟವಾಯಿತು.

ಒಂದಿಡೀ ಕಾಡು ಒಂದೇ ವರ್ಷ ಯಾಕೆ ಬೀಜ ಸುರಿಯಬೇಕು? ಒಂದು ಕಾರಣ, ಗಾಳಿಯಲ್ಲಿ ಪರಾಗ ಹರಡುವ ಮರಗಳಿಗೆ ಎಲ್ಲರೂ ಒಟ್ಟಿಗೆ ಹೂಬಿಟ್ಟರೆ ಲಾಭ. ಇನ್ನೊಂದು, ತಿನ್ನುವವರು. ಬಡ ವರ್ಷಗಳಲ್ಲಿ ಅಳಿಲು, ಹಕ್ಕಿ, ಹುಳಗಳಿಗೆ ಹೊಟ್ಟೆಗಿಲ್ಲದೆ ಅವುಗಳ ಸಂಖ್ಯೆ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಬೀಜ ಸುರಿದಾಗ ಅವು ಎಷ್ಟು ತಿಂದರೂ ಮೊಳೆಯಲು ಒಂದಿಷ್ಟು ಉಳಿಯುತ್ತದೆ. ಕೆನಡಾದ ಯೂಕಾನ್‌ನ ಕೆಂಪು ಅಳಿಲುಗಳು ಇದಕ್ಕೂ ಮುಂದೆ ಹೋಗಿವೆ. ಸುಗ್ಗಿ ಬರುವ ವರ್ಷ, ಹೊಸ ಬೀಜ ಬಲಿಯುವ ಮೊದಲೇ, ಅವು ಜಾಸ್ತಿ ಮರಿ ಹಾಕುತ್ತವೆ!

ಅಳಿಲಿಗೆ ಎಲ್ಲ ತಿಂದು ಮುಗಿಸಲು ಆಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಕಿನ್ನೌರಿನ ಮನೆಗಳಿಗೆ ಚಿಲ್ಗೋಜಾ ಒಳ್ಳೆಯ ಆದಾಯ, ಅದು ಅವರಿಗೆ ಬೇಕೇ ಬೇಕು. ಬೀಜ ಉದುರುವ ಮೊದಲೇ, ಹಸಿರು ಕಾಯಿ ಇರುವಾಗಲೇ ಕೀಳುತ್ತಾರೆ, ಹೆಚ್ಚು ಕಡಿಮೆ ಒಂದೂ ಬಿಡದೆ. ಹಾಗಾಗಿ ಅಲ್ಲಿ ತಾನಾಗಿ ಹುಟ್ಟಿದ ಸಸಿ ಕಾಣುವುದೇ ಅಪರೂಪ. ಕೆಲವೊಮ್ಮೆ ಕಾಯಿಯ ಜೊತೆ ಕೊಂಬೆಯೂ ಮುರಿಯುತ್ತದೆ.

"ಮುಂದಿನ ವರ್ಷ ಬನ್ನಿ, ಒಳ್ಳೆ ಮಾಲು ಬರುತ್ತೆ" ಎಂದು ಅಂಗಡಿಯವರು ಕಾಗದದ ಪೊಟ್ಟಣ ಕೊಟ್ಟಿದ್ದರು. ಮುಂದಿನ ವರ್ಷದ ಕಾಯಿ ಆಗಲೇ ಅಲ್ಲಿ ಮರದ ಮೇಲಿದೆ, ಇನ್ನೂ ಪುಟ್ಟದು. ಈ ವರ್ಷದ ಕಾಯಿಗೆಂದು ಕೊಂಬೆ ಮುರಿದರೆ ಅದೂ ಜೊತೆಗೇ ಹೋಗುತ್ತದೆ.