ಮಂತ್ರಕ್ಕೂ ಮಿತಿ ಬೇಕು: ಹದಿಹರೆಯದವರ ವೈಜ್ಞಾನಿಕ ಸಾಹಸ ಕಾದಂಬರಿಯ ಸಂಪಾದನೆ

ಹದಿಹರೆಯದವರ ಪುಸ್ತಕಗಳ ಸಂಪಾದಕಿಯಾಗಿರುವ ನನ್ನ ಮೇಜಿಗೆ, ಮಂತ್ರಶಕ್ತಿಯೂ ಅನ್ಯಗ್ರಹ ಜೀವಿಗಳೂ ಒಟ್ಟಿಗೇ ಇರುವ ಸಾಹಸ ಕಾದಂಬರಿಗಳ ಹಸ್ತಪ್ರತಿಗಳು ಆಗಾಗ ಬರುತ್ತವೆ. ಭಾಷೆಯನ್ನು ತಿದ್ದುವ ಮೊದಲೇ ನಾನು ಲೇಖಕರಿಂದ ಒಂದು ಪುಟದ ಟಿಪ್ಪಣಿಯನ್ನು ಕೇಳುತ್ತೇನೆ: ನಿಮ್ಮ ಕಥೆಯ ಮಂತ್ರದಿಂದ ಏನು ಸಾಧ್ಯವಿಲ್ಲ, ಅದನ್ನು ಬಳಸಿದವರು ಏನನ್ನು ತೆರಬೇಕು? ಇದು ನಿಶ್ಚಯವಾಗದ ಹಸ್ತಪ್ರತಿಯಲ್ಲಿ ಕೆಲವೇ ಅಧ್ಯಾಯಗಳೊಳಗೆ ನಾಯಕಿಗೆ ಯಾವ ಅಪಾಯವೂ ಉಳಿಯುವುದಿಲ್ಲ.

ನಮ್ಮ ಓದುಗರಿಗೆ ಇದು ಅಪರಿಚಿತ ವಿಚಾರವಲ್ಲ. ಇಂದ್ರನಿತ್ತ ಶಕ್ತ್ಯಾಯುಧಕ್ಕೆ ಬೆಲೆಯಾಗಿ ಕರ್ಣ ಹುಟ್ಟಿನೊಡನೆ ಬಂದ ಕವಚ ಕುಂಡಲಗಳನ್ನು ಕೊಟ್ಟಿದ್ದ, ಅದನ್ನು ಪ್ರಯೋಗಿಸಲು ಅವನಿಗಿದ್ದುದು ಒಂದೇ ಅವಕಾಶ. ಅರ್ಜುನನಿಗೆಂದು ಕಾದಿರಿಸಿದ್ದ ಆ ಆಯುಧವನ್ನು ರಾತ್ರಿಯ ಕಾಳಗದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಗಿ ಬಂದಾಗ ನಮ್ಮ ಎದೆ ನಡುಗುವುದು ಆ ಮಿತಿ ಮೊದಲೇ ತಿಳಿದಿರುವುದರಿಂದಲೇ. 1962ರಲ್ಲಿ ಪ್ರಕಟವಾದ ಮ್ಯಾಡಲೀನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಕಾದಂಬರಿಯಲ್ಲಿಯೂ, ಮಕ್ಕಳನ್ನು ಗ್ರಹದಿಂದ ಗ್ರಹಕ್ಕೆ ಒಯ್ಯಬಲ್ಲ ಮೂವರು ಮಾರ್ಗದರ್ಶಕಿಯರು ಅತ್ಯಂತ ಅಪಾಯದ ಗ್ರಹದಲ್ಲಿ ಅವರನ್ನು ಅವರಷ್ಟಕ್ಕೇ ಬಿಡುತ್ತಾರೆ. ಅದರಲ್ಲಿನ ಕಣ್ಣಿಲ್ಲದ ಜೀವಿಗಳಿಗೆ ಬೆಳಕೆಂದರೇನೆಂದು ವಿವರಿಸಲು ಬಾಲಕಿ ಮೆಗ್ ಪಡುವ ಕಷ್ಟವನ್ನು ನಾನು ಹೊಸ ಲೇಖಕರಿಗೆ ತಪ್ಪದೆ ಓದಿಸುತ್ತೇನೆ, ಏಕೆಂದರೆ ಅನ್ಯಗ್ರಹ ಜೀವಿಯೆಂದರೆ ಹಸಿರು ಚರ್ಮ ತೊಟ್ಟ ಮನುಷ್ಯನಲ್ಲ ಎಂಬುದು ಅಲ್ಲಿ ಚೆನ್ನಾಗಿ ಮನವರಿಕೆಯಾಗುತ್ತದೆ.

ಈ ಪಾಠ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಪ್ರಾಕ್ಸಿಮಾ ಸೆಂಟಾರಿ ಎಂಬ ನಕ್ಷತ್ರದ ಗ್ರಹವೊಂದರಲ್ಲಿ ನಡೆಯುವ ಹಸ್ತಪ್ರತಿಯೊಂದರಲ್ಲಿ. 2016ರಲ್ಲಿ ಪತ್ತೆಯಾದ ಆ ಗ್ರಹ ಕೆಂಪು ಕುಬ್ಜವಾದ, ಅಂದರೆ ಸೂರ್ಯನಿಗಿಂತ ಚಿಕ್ಕದೂ ಮಂದವೂ ಆದ, ತನ್ನ ನಕ್ಷತ್ರವನ್ನು ಸುಮಾರು 11 ದಿನಗಳಲ್ಲಿ ಸುತ್ತಿ ಮುಗಿಸುತ್ತದೆ. ಅಷ್ಟು ಹತ್ತಿರವಿರುವುದರಿಂದ ಅದರ ಒಂದೇ ಮುಖ ಸದಾ ನಕ್ಷತ್ರದತ್ತ ತಿರುಗಿರುವ ಸಾಧ್ಯತೆಯಿದೆ. ಲೇಖಕಿ ಅಲ್ಲಿ ಸೂರ್ಯಾಸ್ತವನ್ನು ಬಹಳ ಸೊಗಸಾಗಿ ವರ್ಣಿಸಿದ್ದರು, ನಾಯಕಿಯ ಮಂತ್ರವೋ ಹುಣ್ಣಿಮೆಯಂದು ಮಾತ್ರ ಫಲಿಸುವಂಥದ್ದು. ಸೂರ್ಯನೇ ಮುಳುಗದ, ಚಂದ್ರನಿಲ್ಲದ ಊರಿನಲ್ಲಿ ಆ ಹುಡುಗಿ ಏನು ಮಾಡುತ್ತಾಳೆಂದು ನಾನು ಅಂಚಿನಲ್ಲಿ ಬರೆದೆ. ಆ ನಕ್ಷತ್ರ ಆಗಾಗ ಪ್ರಬಲ ಜ್ವಾಲೆಗಳನ್ನು ಚಿಮ್ಮಿಸುವುದರಿಂದ ಅಲ್ಲಿಯ ಜೀವಿಗಳು ಬಂಡೆಯಡಿಯಲ್ಲೋ ನೀರಿನಾಳದಲ್ಲೋ ಬಾಳುವುದು ಹೆಚ್ಚು ನಂಬಿಕೆಗೆ ಅರ್ಹವೆಂದೂ ಸೇರಿಸಿದೆ.

ವಿಜ್ಞಾನ ಕಥೆಯ ಕೈಕಟ್ಟುತ್ತದೆ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಆ ನಕ್ಷತ್ರ ನಮಗೆ ಸುಮಾರು 4.2 ಜ್ಯೋತಿರ್ವರ್ಷ ದೂರದಲ್ಲಿದೆ; ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಸಾಗುವ ವಾಯೇಜರ್ 1 ನೌಕೆಯ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70,000 ವರ್ಷಗಳಿಗೂ ಹೆಚ್ಚು ಬೇಕು. ಆದ್ದರಿಂದ ಪ್ರಯಾಣವನ್ನು ಮಂತ್ರಕ್ಕೆ ಬಿಡೋಣ, ಉಳಿದದ್ದನ್ನು ಆ ಗ್ರಹವೇ ನಿರ್ಧರಿಸಲಿ ಎಂದು ಲೇಖಕಿಗೆ ಸೂಚಿಸಿದೆ.

ಅವರು ಅದನ್ನು ನನ್ನ ನಿರೀಕ್ಷೆಗಿಂತ ಮುಂದಕ್ಕೆ ಕೊಂಡೊಯ್ದರು. ಈಗ ಮಂತ್ರದ ಬಾಗಿಲು ಒಮ್ಮೆ ತೆರೆದು ಮುಚ್ಚಿದರೆ, ಮತ್ತೆ ತೆರೆಯಲು ಆ ಗ್ರಹದ ಒಂದು ವರ್ಷ, ಅಂದರೆ ನಮ್ಮ 11 ದಿನ, ಕಾಯಬೇಕು. ಮೊದಲ ಕರಡಿನಲ್ಲಿ ಕಾಳಗದಿಂದಲೇ ತುಂಬಿದ್ದ ನಡುವಿನ ಅಧ್ಯಾಯಗಳಲ್ಲಿ ನಾಯಕಿ ಬಂಡೆಯಡಿಯ ಮಕ್ಕಳೊಡನೆ ಉಳಿದು, ಇರುಳೇ ಇಲ್ಲದ ಕಡೆ ಅವರು ಯಾವಾಗ ಮಲಗುತ್ತಾರೆ, ಹೊತ್ತನ್ನು ಹೇಗೆ ಎಣಿಸುತ್ತಾರೆ ಎಂಬುದನ್ನು ಕಲಿಯುತ್ತಾಳೆ; ಹಿಂದಿರುಗುವ ಬಾಗಿಲು ಯಾವಾಗ ತೆರೆಯುತ್ತದೆಂದು ಅವಳಿಗೆ ಲೆಕ್ಕ ಹಾಕಿ ಹೇಳುವವರೂ ಆ ಮಕ್ಕಳೇ.